ಕೈ ಕೊಡಬೇಡಿ, ಮಣಿಕಟ್ಟು ಕೊಡಿ

"ಕೈ ಕೊಡಬೇಡಿ!"

ದೋಣಿಯಿಂದ ಬಂದ ಆ ಕೂಗಿಗೆ ಅವಳು ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಕಬ್ಬಿಣದ ಮೆಟ್ಟಿಲುಗಳ ಕೊನೆಯಲ್ಲಿ ನಿಂತಿದ್ದಳು ಅವಳು. ಕೆಳಗೆ ರಬ್ಬರ್ ದೋಣಿ, ನಿದ್ದೆಯಲ್ಲಿರುವವರ ಎದೆಯಂತೆ ಏರುತ್ತಿತ್ತು, ಇಳಿಯುತ್ತಿತ್ತು. ದೋಣಿಯಲ್ಲಿ ನಿಂತವನ ಮುಖ ಬಿಸಿಲಿಗೆ ಕಂದಿತ್ತು. ಕಣ್ಣು ಮಾತ್ರ ಶಾಂತ.

ಕೈ ಕೊಡಬೇಡಿ...

ಆ ಮಾತು ಅವಳಿಗೆ ತಾಗಬಾರದ ಕಡೆ ತಾಗಿತು. ಹೋದ ವರ್ಷ ಬೀದಿಯವರೆಲ್ಲ ಅವಳ ಬೆನ್ನ ಹಿಂದೆ ಆಡಿದ್ದು ಇದನ್ನೇ ಅಲ್ಲವೇ? 'ಪಾಪ, ಮದುವೆ ಹತ್ತಿರ ಬಂದಾಗ ಹುಡುಗ ಕೈ ಕೊಟ್ಟನಂತೆ!'

"ಏನಂದ್ರಿ?" ಅವಳ ದನಿ ಒರಟಾಯಿತು.

"ಬೆರಳು ಹಿಡಿದ್ರೆ ಜಾರುತ್ತೆ ಸಿಸ್ಟರ್. ಮಣಿಕಟ್ಟು ಕೊಡಿ. ನಿಮ್ಮದನ್ನ ನಾನು ಹಿಡೀತೀನಿ, ನನ್ನದನ್ನ ನೀವು ಹಿಡೀರಿ. ಆಗ ಒಬ್ಬರು ಬಿಟ್ಟರೂ ಇನ್ನೊಬ್ಬರ ಹಿಡಿತ ಇರುತ್ತೆ."

ಅವಳ ಹಿಂದೆ ನಿಂತಿದ್ದ ಪ್ರಯಾಣಿಕರಲ್ಲಿ ಒಬ್ಬರು ಅಜ್ಜಿ. ತಲೆಯ ಟೋಪಿಯನ್ನು ಗದ್ದಕ್ಕೆ ಕಟ್ಟಿಕೊಳ್ಳುತ್ತಾ ಅಂದರು, "ಕೈ ಕೊಡಬಾರದು ಅಂತ ಹೇಳಿಕೊಡೋ ಗಂಡಸು! ಇಷ್ಟು ವಯಸ್ಸಾದ ಮೇಲೆ ಇವತ್ತು ನೋಡಿದೆನಪ್ಪ."

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಆದರೂ ಮಣಿಕಟ್ಟು ಮುಂದೆ ಮಾಡಿದಳು. ಅವನು ಹಿಡಿದ. ಅವಳೂ ಹಿಡಿದಳು. ಅವಳ ಬೆರಳಿನಡಿ ಅವನ ನಾಡಿ ನಿಧಾನವಾಗಿ ಬಡಿಯುತ್ತಿತ್ತು. ನರ್ಸ್ ಆದವಳಿಗೆ ನಾಡಿ ಹೊಸದೇನಲ್ಲ. ಆದರೆ ಅವತ್ತು, ಯಾರ ನಾಡಿ ಯಾರು ನೋಡುತ್ತಿದ್ದಾರೆಂದು ಅವಳಿಗೇ ತಿಳಿಯಲಿಲ್ಲ!

*

ಅದು ಸಣ್ಣ ಹಡಗು. ಊಟಕ್ಕೆ ಕೂತರೆ ಎಲ್ಲರಿಗೂ ಒಂದೇ ಕೋಣೆ. ದೊಡ್ಡ ಹಡಗುಗಳು ಹೋಗಲಾರದ ಆಳವಿಲ್ಲದ ನೀರಿಗೆ ಹೋಗಿ, ಮನುಷ್ಯರಿಲ್ಲದ ದ್ವೀಪಗಳ ಎದುರು ಲಂಗರು ಹಾಕಿ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಎಲ್ಲವೂ ದೋಣಿಯವನದೇ ಜವಾಬ್ದಾರಿ. ಜನರನ್ನು ಇಳಿಸಿಕೊಳ್ಳುವವನು ಅವನೇ, ಹವಳದ ದಿಬ್ಬಗಳನ್ನು ತೋರಿಸಿ ಕರೆತರುವವನೂ ಅವನೇ.

ಅವಳು ಆ ಹಡಗಿಗೆ ಹೊಸ ನರ್ಸ್. ಒಂದು ಮಂಚ, ಒಂದು ಮುಕ್ಕಾಲಿ, ಅಲೆಗೆ ಸೀಸೆಗಳು ಬೀಳದಂತೆ ಚಿಲಕ ಹಾಕಿದ ಬೀರು... ಅಷ್ಟೇ ಅವಳ ಲೋಕ. 'ಯಾರೂ ಏನೂ ಕೇಳದ ಕಡೆ ಹೋಗ್ತೀನಮ್ಮಾ' ಎಂದು ತಾಯಿಗೆ ಹೇಳಿ ಬಂದಿದ್ದಳು. ಭಗವಂತ ಸಮುದ್ರವನ್ನು ಅಷ್ಟು ಅಗಲ ಮಾಡಿದ್ದು ಇಂಥವರ ಮೌನಕ್ಕೂ ಜಾಗ ಇರಲಿ ಎಂದೇ ಇರಬೇಕು.

ಅಡುಗೆಮನೆಯಲ್ಲಿದ್ದವನು ದೋಣಿಯವನ ಸ್ವಂತ ಅಣ್ಣ. ಎಡಗೈ ಮಣಿಕಟ್ಟಿನವರೆಗೆ ಮಾತ್ರ. ಉಳಿದ ಒಂದೇ ಕೈಯಲ್ಲಿ ಹಿಟ್ಟು ನಾದುತ್ತಿದ್ದ, ತರಕಾರಿ ಹೆಚ್ಚುತ್ತಿದ್ದ.

"ಅಷ್ಟು ಚೆನ್ನಾಗಿ ಹೇಗೆ ಮಾಡ್ತೀರಿ ಅಣ್ಣಾ?" ಎಂದು ಮೊದಲ ದಿನವೇ ಕೇಳಿದ್ದಳು.

"ಎರಡು ಕೈಲಿ ಹಂಚಿಹೋಗೋ ಕೈರುಚಿ ನಂಗೆ ಒಂದರಲ್ಲೇ ಸೇರ್ಕೊಂಡಿದೆ ತಂಗೀ!"

ಕೈ ಹೇಗೆ ಹೋಯಿತೆಂದು ಅವಳು ಕೇಳಲಿಲ್ಲ. ತನ್ನ ಗಾಯವನ್ನು ಯಾರೂ ಕೆದಕಬಾರದು ಎಂದು ಬಂದವಳು ಬೇರೆಯವರದನ್ನು ಕೆದಕುವುದು ಹೇಗೆ?

*

ಒಂದು ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಹವಳದ ದಿಬ್ಬದ ಮೇಲಿನ ನೀರಿನಲ್ಲಿ ದೋಣಿ ನಿಲ್ಲಿಸಿ, ಅವನು ತಳಕ್ಕೆ ಗಾಜು ಕೂರಿಸಿದ ಡಬ್ಬಿಯೊಂದನ್ನು ನೀರಿಗೆ ಒತ್ತಿ ಹಿಡಿದ.

"ನೋಡಿ ಸಿಸ್ಟರ್."

ಅವಳು ಬಗ್ಗಿದಳು... ಅಬ್ಬಾ! ಕೆಳಗೊಂದು ತೋಟವೇ ಇತ್ತು. ನೇರಳೆ ಕೊಂಬೆಗಳು, ಹಳದಿ ಬೀಸಣಿಗೆಗಳು, ನಡುವೆ ಬಣ್ಣದ ಚೂರುಗಳಂತೆ ಮೀನುಗಳು. ಅರಿವಿಲ್ಲದೆ ಅವಳ ಕೈ ನೀರಿಗಿಳಿಯಿತು.

"ಮುಟ್ಟಬೇಡಿ!"

"ನಿಮ್ಮ ಬಾಯಲ್ಲಿ ಬರೀ 'ಬೇಡಿ'ನೇನಾ? ಕೈ ಕೊಡಬೇಡಿ, ಮುಟ್ಟಬೇಡಿ..."

ಅವನ ಕಂದಿದ ಮುಖ ಇನ್ನಷ್ಟು ಕೆಂಪಾಯಿತು. ಅಜ್ಜಿ ಟೋಪಿಯ ಅಂಚಿನಿಂದ ಇಬ್ಬರನ್ನೂ ನೋಡಿ, ಕಾಣದವರಂತೆ ಆಚೆ ತಿರುಗಿದರು.

"ನೋಡೋಕೆ ಕಲ್ಲು," ಅವನು ಮೆಲ್ಲಗೆ ಅಂದ. "ಒಳಗೆ ಜೀವ ಇದೆ. ಆಸೆಪಟ್ಟು ಮುಟ್ಟಿದರೂ ನೋಯುತ್ತೆ. ಕೆಲವನ್ನ ಹಿಡೀದೇ ಇರೋದೇ ಕಾಪಾಡೋದು ಸಿಸ್ಟರ್."

'ಹಿಡಿಯೋಕೂ ಗೊತ್ತು, ಹಿಡಿಯದೇ ಇರೋಕೂ ಗೊತ್ತು ಇವನಿಗೆ...' ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು. ಆದರೆ ಅಂದಿನಿಂದ ದೋಣಿಗೆ ಇಳಿಯುವ ಆ ಒಂದು ಗಳಿಗೆಗಾಗಿ ಅವಳ ಇಡೀ ದಿನ ಕಾಯತೊಡಗಿತು. ಅವನೂ ಕಾಯುತ್ತಿದ್ದ. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಅಷ್ಟೇ.

*

ಆಮೇಲೆ ಆ ಮಧ್ಯಾಹ್ನ ಬಂತು.

ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪ್ರಯಾಣಿಕರೆಲ್ಲ ಇಳಿದು ದೋಣಿ ತುಂಬಿತ್ತು. ಔಷಧಿ ಚೀಲ ಬೆನ್ನಿಗೇರಿಸಿ ಕೊನೆಯವಳಾಗಿ ಅವಳು ಬಂದಳು. ಮಣಿಕಟ್ಟಿಗೆ ಮಣಿಕಟ್ಟು ಸೇರಿತು. ಒಂದು ಕಾಲು ಮೆಟ್ಟಿಲು ಬಿಟ್ಟಿತು...

ಅಷ್ಟರಲ್ಲಿ ದೋಣಿ ಕೆಳಗೆ ಕುಸಿಯಿತು! ಎಲ್ಲಿಂದಲೋ ಬಂದ ಅಲೆಯೊಂದು ಅದರಡಿಯ ನೀರನ್ನೆಲ್ಲ ಎಳೆದುಕೊಂಡಿತ್ತು. ಅವಳ ಇನ್ನೊಂದು ಕಾಲೂ ಜಾರಿತು. ಅವನ ಹಿಡಿತದಲ್ಲಿ ತೂಗಾಡುತ್ತಾ ಅವನ ಕಣ್ಣನ್ನೇ ನೋಡಿದಳು. 'ಇವನು ಬಿಡಲ್ಲ.'

ಅವನು ಬಿಟ್ಟ.

ಬರೀ ಬಿಡಲಿಲ್ಲ. ಅವಳ ಬೆರಳುಗಳಿಂದ ತನ್ನ ಮಣಿಕಟ್ಟನ್ನು ತಿರುಚಿ ಕೊಸರಿಕೊಂಡ!

ಉಪ್ಪು ನೀರು, ಕತ್ತಲೆ, ಕಿವಿಯಲ್ಲಿ ಮೊರೆತ... ಜೀವರಕ್ಷಕ ಅಂಗಿ ಅವಳನ್ನು ಮೇಲೆತ್ತಿ ಬಯಲು ನೀರಿನಲ್ಲಿ ತೇಲಿಸಿತು. ಅವನು ದೋಣಿ ತಿರುಗಿಸಿಕೊಂಡು ಬಂದು ಎಳೆದುಕೊಂಡಾಗ ಅವಳು ಅವನ ಮುಖ ನೋಡಲಿಲ್ಲ.

"ಏನಾದರೂ ಏಟು..." ಅವನು ಅವಳ ತೋಳು ಹಿಡಿದು ನೋಡಹೋದ.

"ಮುಟ್ಟಬೇಡಿ ನನ್ನ."

*

ಸಂಜೆ ಊಟದ ಕೋಣೆಯಲ್ಲಿ ಕ್ಯಾಪ್ಟನ್ ಕೇಳಿದರು, "ಕೈ ಜಾರಿತಾ, ಬಿಟ್ಟೆಯಾ?"

"ಬಿಟ್ಟೆ ಸರ್."

"ಯಾಕೆ?"

ದೋಣಿಯವನು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಣ್ಣ ಅಲ್ಲಿ ನಿಂತಿದ್ದ. ತಮ್ಮ ತಲೆ ತಗ್ಗಿಸಿದ.

"ಸಿಸ್ಟರ್, ನೀವು ಹೇಳಿ."

"ಬಿಟ್ಟರು," ಅವಳೆಂದಳು. "ನಾನು ಹಿಡಿದುಕೊಂಡಿದ್ದೆ. ಕೊಸರಿಕೊಂಡರು."

ಕ್ಯಾಪ್ಟನ್ ನಿಟ್ಟುಸಿರು ಬಿಟ್ಟರು. "ಎಲ್ಲರೂ ನೋಡಿದ್ದಾರಪ್ಪ. ಕೈ ಬಿಟ್ಟವನ ದೋಣಿಗೆ ಇನ್ಯಾರು ಇಳೀತಾರೆ? ದೋಣಿ ಬೇರೆಯವರು ನಡೆಸಲಿ. ಬಂದರು ಬಂದಾಗ ನೀನು ಇಳಿದುಬಿಡು."

ಮರುದಿನದಿಂದ ಅವನು ಬಕೆಟ್ಟು, ಪೊರಕೆ ಹಿಡಿದು ಹಡಗಿನ ಡೆಕ್ಕು ತೊಳೆಯತೊಡಗಿದ. ಅವಳು ಪಕ್ಕದಲ್ಲೇ ಹಾದುಹೋದರೂ ತಲೆ ಎತ್ತುತ್ತಿರಲಿಲ್ಲ. 'ಎಲ್ಲರೂ ಅಷ್ಟೇ,' ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡಾಗಲೆಲ್ಲ ಎದೆಯಲ್ಲಿ ಏನೋ ಮುರಿದಂತಾಗುತ್ತಿತ್ತು. ಮುರಿದದ್ದು ಕೋಪವಲ್ಲ, ಕೋಪವಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ!

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಆದರೆ ಕಣ್ಣಿನಲ್ಲಿ ನೀರು ತುಂಬಿರುವಾಗ ಪ್ರಮಾಣಿಸುವುದು ಯಾವ ಕಣ್ಣಿನಿಂದ?

*

"ಕೂತ್ಕೋ ತಂಗೀ," ಅಂದ ಅಡುಗೆಯಣ್ಣ, ಬಿಸಿ ಚಹಾದ ಲೋಟ ಮುಂದಿಡುತ್ತಾ. ಬಂದರಿಗೆ ಇನ್ನೊಂದೇ ದ್ವೀಪ ಬಾಕಿಯಿತ್ತು. "ನನ್ನ ತಮ್ಮ ನಿನ್ನ ಕೈ ಬಿಟ್ಟ. ಸುಳ್ಳಲ್ಲ. ಆದರೆ ನನ್ನ ಕೈ ಬಿಟ್ಟಿರಲಿಲ್ಲ."

ಮೊಂಡು ತೋಳನ್ನು ಮೇಜಿನ ಮೇಲಿಟ್ಟ.

"ಅದಕ್ಕೇ ಇದು ಹೋಯ್ತು."

ತುಟಿಗೆತ್ತಿದ್ದ ಲೋಟವನ್ನು ಅವಳು ಕೆಳಗಿಟ್ಟಳು.

"ಆಗ ನಾನೂ ದೋಣಿ ಕೆಲಸದವನೇ. ಹೀಗೇ ಮೆಟ್ಟಿಲು, ಹೀಗೇ ಅಲೆ. ನಾನು ಜಾರಿದೆ, ಅವನು ಹಿಡ್ಕೊಂಡ. 'ಬಿಡೋ, ಬಿಡೋ' ಅಂದೆ. 'ಬಿಡಲ್ಲ ಅಣ್ಣಾ' ಅಂತ ಅಳ್ತಾ ಹಿಡ್ಕೊಂಡ. ಕೆಳಗಿಳಿದ ದೋಣಿ ಮತ್ತೆ ಮೇಲೆ ಬರಲೇಬೇಕಲ್ಲ? ಬಂತು. ಮೆಟ್ಟಿಲಿಗೂ ದೋಣಿಗೂ ನಡುವೆ ನಾನು ಸಿಕ್ಕಿದೆ, ಈ ಕೈ ನಜ್ಜುಗುಜ್ಜಾಯ್ತು. ಬಿಟ್ಟಿದ್ರೆ ನೀರಿಗೆ ಬೀಳ್ತಿದ್ದೆ, ಅಷ್ಟೇ."

"ಹಾಗಾದ್ರೆ ಅವತ್ತು ನಾನು..."

"ನಿನ್ನ ಕಾಲು ಮೆಟ್ಟಿಲ ಅಡೀಗೆ ತೂಗಾಡ್ತಿತ್ತು. ಈ ಗುಂಡು ಕಿಟಕಿಯಿಂದ ಎಲ್ಲಾ ನೋಡಿದೆ. ಬಿಟ್ಟ ಕೈ ಎಲ್ಲಿಗೆ ಹೋಯ್ತು ಗೊತ್ತಾ? ಅದೇ ಕೈಲಿ ಮೆಟ್ಟಿಲ ಕಬ್ಬಿಣ ತಳ್ಳಿ, ಅಷ್ಟು ಜನ ಇದ್ದ ದೋಣೀನ ಆಚೆ ಸರಿಸಿದ. ನಿನ್ನ ತಲೆ ಮೇಲೆ ಬಂದಾಗ ಸುತ್ತ ಏನಿತ್ತು, ನೆನಪು ಮಾಡ್ಕೋ."

ಬಯಲು ನೀರು. ಬರೀ ಬಯಲು ನೀರು...

"ಯಾಕೆ ಹೇಳಲಿಲ್ಲ ಅಣ್ಣಾ? ನೀವಾದರೂ ಕ್ಯಾಪ್ಟನ್‌ಗೆ..."

"'ನಿನ್ನ ಮೊಂಡುಗೈ ತೋರಿಸಿ ನನ್ನ ಕೆಲಸ ಉಳಿಸಬೇಡ ಅಣ್ಣಾ' ಅಂತ ಆಣೆ ಹಾಕಿಸಿಕೊಂಡಿದಾನೆ ಆ ಮಂಕ. ನನ್ನೆದುರು ಆ ಮಾತೇ ಎತ್ತಲ್ಲ ಅವನು." ಅಡುಗೆಯಣ್ಣ ಕಣ್ಣು ಒರೆಸಿಕೊಂಡು ನಕ್ಕ. "ಕ್ಯಾಪ್ಟನ್‌ಗೆ ಹೇಳಲ್ಲ ಅಂತ ಆಣೆ. ನಿನಗೆ ಹೇಳಲ್ಲ ಅಂತ ಇಲ್ಲವಲ್ಲ!"

*

ಅವಳು ಹೋದಾಗ ಅವನು ಹಡಗಿನ ಹಿಂಬದಿಯಲ್ಲಿ ಬಗ್ಗಿ ಉಜ್ಜುತ್ತಿದ್ದ. ಬಲ ಅಂಗೈಗೆ ಸುತ್ತಿದ ಬಟ್ಟೆ ಉಪ್ಪು ನೀರಿಗೆ ನೆನೆದು ಕಂದುಬಣ್ಣಕ್ಕೆ ತಿರುಗಿತ್ತು.

"ಆ ಕೈ ತೋರಿಸಿ."

"ಏನಿಲ್ಲ ಸಿಸ್ಟರ್..."

"ತೋರಿಸಿ ಅಂದೆ!"

ಬಟ್ಟೆ ಬಿಚ್ಚಿದಳು. ಅಂಗೈಗೆ ಅಡ್ಡಲಾಗಿ ಕಬ್ಬಿಣದ ಅಂಚು ಬರೆದ ಸೀಳು. ಮಣಿಕಟ್ಟಿನಲ್ಲಿ ಮಾಸದ ಉಗುರಿನ ಗೀರುಗಳು. ಅವು ಅವಳವೇ.

ತನ್ನ ಕೋಣೆಗೆ ಕರೆದೊಯ್ದು ಗಾಯ ತೊಳೆದಳು.

"ಹಡಗಲ್ಲೇ ನರ್ಸ್ ಇದ್ದಾಳೆ. ಯಾಕೆ ಬರಲಿಲ್ಲ?"

"ಬಿಟ್ಟ ಕೈನ ನಿಮ್ಮ ಮುಂದೆ ಹೇಗೆ ಚಾಚಲಿ?"

ಹನಿಯೊಂದು ಅವನ ಅಂಗೈ ಮೇಲೆ ಬಿತ್ತು. ಔಷಧಿಯದ್ದಲ್ಲ.

"ಉರೀತಾ?"

"ಇಲ್ಲ..." ಅವನು ಮಣಿಕಟ್ಟಿನ ಗೀರುಗಳನ್ನು ನೋಡಿದ. "ಅವತ್ತು ನೀವು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರಿ! ಜೀವಮಾನದಲ್ಲಿ ನನ್ನನ್ನ ಯಾರೂ ಹಾಗೆ ನಂಬಿ ಹಿಡಿದಿರಲಿಲ್ಲ. ಬಿಡಿಸಿಕೊಳ್ಳೋವಾಗ ಜೀವ ಹೋದ ಹಾಗಾಯ್ತು ಸಿಸ್ಟರ್."

"ಸಿಸ್ಟರ್ ಅನ್ನೋದೊಂದು ಬಿಡ್ತೀರಾ?"

"ಮತ್ತೇನಂತ ಕರೀಲಿ?"

"ಯೋಚನೆ ಮಾಡಿ," ಎಂದು ಪಟ್ಟಿಯ ತುದಿ ಗಂಟು ಹಾಕಿದಳು.

ಅಲ್ಲಿಂದ ನೇರ ಕ್ಯಾಪ್ಟನ್ ಬಳಿ ಹೋದಳು. "ಸರ್, ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ." ಉಳಿದರ್ಧವನ್ನೂ ಹೇಳಿದಳು, ಅಣ್ಣನ ಕೈಯಿಂದ ಹಿಡಿದು ತಮ್ಮನ ಅಂಗೈವರೆಗೆ.

ಕ್ಯಾಪ್ಟನ್ ಕಿಟಕಿಯಾಚೆ ದೋಣಿಯ ಕಡೆ ನೋಡಿದರು. "ನಾನು ನಂಬ್ತೀನಮ್ಮ. ಇಳಿಯೋರು ನಂಬಬೇಕಲ್ಲ?"

"ನಾಳೆ ಮೊದಲು ನಾನೇ ಇಳೀತೀನಿ."

*

ಕೊನೆಯ ದ್ವೀಪ. ಅಲೆ ಇನ್ನೂ ಪೂರ್ತಿ ತಣಿದಿರಲಿಲ್ಲ. ಕ್ಯಾಪ್ಟನ್ ಬೆಳಿಗ್ಗೆಯೇ ನಡೆದದ್ದನ್ನೆಲ್ಲ ವಿವರಿಸಿದ್ದರೂ ಪ್ರಯಾಣಿಕರೆಲ್ಲ ಅಂಚಿನ ಕಂಬಿ ಹಿಡಿದು ಬಿಗಿಯಾಗಿ ನಿಂತಿದ್ದರು. ಗುಂಡು ಕಿಟಕಿಯಲ್ಲಿ ಅಡುಗೆಯಣ್ಣನ ಮುಖ.

ಮೆಟ್ಟಿಲಿನ ಕೊನೆಗೆ ಬಂದಾಗ ಅವಳು ಕೆಳಗೆ ನೋಡಿದಳು. ಹಸಿರು ನೀರು ಬಾಯಿ ತೆರೆದು ಮುಚ್ಚುತ್ತಿತ್ತು. 'ದೇವರೇ...'

ಅವನು ಎಡಗೈ ಚಾಚಿದ.

"ಆ ಕೈ ಬೇಡ," ಅವಳೆಂದಳು. "ಅವತ್ತಿನ ಕೈ."

ಪಟ್ಟಿ ಕಟ್ಟಿದ ಬಲಗೈ ಮುಂದೆ ಬಂತು.

"ಬಿಡ್ತೀರಾ?" ಅವನಿಗಷ್ಟೇ ಕೇಳುವಂತೆ ಕೇಳಿದಳು.

ಅವನು ಸುಳ್ಳು ಹೇಳಲಿಲ್ಲ. "ಬಿಡಬೇಕಾಗಿ ಬಂದ್ರೆ ಬಿಡ್ತೀನಿ. ಆದರೆ ಬಿಟ್ಟು ಹೋಗಲ್ಲ."

ಒಂದು ವರ್ಷದಿಂದ ಅವಳೊಳಗೆ ಬಿಗಿದಿದ್ದ ಗಂಟು ಆ ಮಾತಿಗೆ ಸಡಿಲವಾಯಿತು. ಮಣಿಕಟ್ಟಿಗೆ ಮಣಿಕಟ್ಟು ಸೇರಿತು. ದೋಣಿ ಏರಿತು. ಅವಳು ಕಾಲಿಟ್ಟಳು.

ಮೇಲಿನಿಂದ ಅಜ್ಜಿಯ ದನಿ ಬಂತು, "ಆಯ್ತಲ್ಲ, ಸರೀರಿ! ಮುಂದಿನವಳು ನಾನೇ. ಕೈ ಬಿಡೋಕೂ ಬುದ್ಧಿ ಬೇಕು ಕಣ್ರೋ. ನಮ್ಮನೆಯವರಿಗೆ ಹಿಡಿಯೋಕೂ ಬರ್ತಿರಲಿಲ್ಲ!"

ನಗುವಿನ ಜೊತೆಗೆ ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರ ಹೆಜ್ಜೆ ಸದ್ದು ಕೇಳಿಸಿತು. ಮೇಲೆ ಕ್ಯಾಪ್ಟನ್ ಟೋಪಿ ತೆಗೆದು ದೋಣಿಯವನತ್ತ ತಲೆಯಾಡಿಸಿದರು.

ದೋಣಿಯವನು ಅವಳ ಕಡೆ ಬಗ್ಗಿ ಮೆಲ್ಲಗೆ ಅಂದ, "ಇಳಿದಾಯ್ತು. ಅಜ್ಜಿ ಕಾಯ್ತಿದ್ದಾರೆ... ಇನ್ನು ಬಿಡಬಹುದು."

"ನೀವು ಬಿಡಿ, ನೋಡೋಣ."

ಅವನು ಬೆರಳು ಸಡಿಲಿಸಿದ. "ಬಿಟ್ಟೆ."

"ನಾನು ಬಿಟ್ಟಿಲ್ಲವಲ್ಲ," ಎಂದಳು ಅವಳು.