ಶನಿವಾರ ಸಂಜೆಯ ಬ್ಯಾಕಪ್

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಫೋನು ಬಂದಾಗ ರೇಣುಕಾ ಕೆಳಗೆ ನಾಗಕ್ಕನ ಮನೆಯಲ್ಲಿ ಊಟದ ನಡುವೆ ಎದ್ದು, ಎಂಜಲು ಕೈಯಲ್ಲೇ ಮಹಡಿಗೆ ಓಡಿದ್ದಳು. ಎರಡಕ್ಕೆ ಕೆಳಗಿಳಿದು ಬಂದಾಗ ಕೈ ಒಣಗಿತ್ತು, ಕಣ್ಣು ಒಣಗಿರಲಿಲ್ಲ.

"ಅಕ್ಕಾ, ನಾಲ್ಕು ಗಂಟಿಗೆ ನನ್ನ ಕೆಲಸ ಹೋಗ್ತೈತಿ, ಮಾಲೀಕರು ಅಷ್ಟೇ ಹೊತ್ತು ಕೊಟ್ಟಾರ. ನಾನೇನೂ ತಪ್ಪು ಮಾಡಿಲ್ಲ. ನೀವೇ ಏನಾರ ಮಾಡ್ರಿ."

ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದು ನಿವೃತ್ತಳಾದ ನಾಗಕ್ಕ, ಕಳುವಾದ ಪಂಪ್‌ಸೆಟ್ಟಿನಿಂದ ಹಿಡಿದು ತಲೆಮರೆಸಿಕೊಂಡ ಅಳಿಯನವರೆಗೆ ಕೊಟ್ಟೂರಿನಲ್ಲಿ ಹುಡುಕಿಕೊಡದ ವಸ್ತುವಿರಲಿಲ್ಲ. ಆ ಎಲ್ಲ ಪತ್ತೆಗಳಲ್ಲೂ ಅವಳ ಬಲಗೈ ಹಳೇ ಲೈನ್‌ಮನ್ ಪಾಲಯ್ಯ. ಈಗ ಅವಳ ಕಟ್ಟಡದ ಕೀಲಿ, ಜನರೇಟರು, ಬಂದುಹೋದವರ ಪುಸ್ತಕ ಎಲ್ಲ ಅವನದೇ ಉಸ್ತುವಾರಿ. ಆದರೆ ರೇಣುಕಾ ಮಹಡಿಯ ಆಫೀಸಿಗೆ ಸೇರಿದ ಎಂಟು ತಿಂಗಳಿಂದ ನಾಗಕ್ಕ ಮಾತು ಶುರು ಮಾಡುವುದು ಆ ಹುಡುಗಿಯ ಕಡೆ ತಿರುಗಿ. ಪಾಲಯ್ಯ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಆಗಿರಲಿಲ್ಲ.

ಮಹಡಿಯಲ್ಲಿದ್ದುದು ಗುರುಬಸವರಾಜನ ‘ಹಟ್ಟಿ’. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಐದು ತಾಲೂಕಿನ ಕುರಿಗಾರರು ಲಸಿಕೆ, ಡಾಕ್ಟರು, ಸಂತೆಯ ದರ ಯಾವುದಕ್ಕಾದರೂ ಮೊಬೈಲಿನಲ್ಲಿ ಒತ್ತುವುದು ಈ ಆ್ಯಪನ್ನೇ. ಅದರ ಹಿಂದೆ ನಾಲ್ಕು ಸರ್ವರುಗಳ ಗುಂಪು. ಮೂರು ದುಡಿಯುತ್ತವೆ. ಯಾವುದು ಯಾವ ಕೆಲಸ ಹೊರಬೇಕೆಂದು ನಾಲ್ಕನೆಯದು ಹೇಳುತ್ತದೆ. ಅದರ ಹೆಸರು ಕಂಟ್ರೋಲ್ ಪ್ಲೇನ್.

ಆ ಬೆಳಿಗ್ಗೆ ಅದಕ್ಕೆ ಹೊಸ ವರ್ಷನ್ ಹಾಕುವುದಿತ್ತು. ಇದುವರೆಗೆ ಆ ಕೆಲಸ ಗುಂಪನ್ನು ಕಟ್ಟಿದ ಕ್ರಾಂತಿಕುಮಾರನದು. ಈ ಸಲ ಮಾಲೀಕ ರೇಣುಕಾಳಿಗೆ ವಹಿಸಿದ್ದ. ಸುಸೂತ್ರವಾದರೆ ಅವಳೇ ತಂಡದ ಮುಖ್ಯಸ್ಥೆ.

"ಬೆಳಗಿಂದ ಒಂದೊಂದಾಗಿ ಹೇಳವ್ವ," ಎಂದಳು ನಾಗಕ್ಕ.

"ಎಂಟಕ್ಕ ಡೇಟಾಬೇಸಿನ ಬ್ಯಾಕಪ್ ತಗೊಂಡೆ. ಒಂದು ಅದೇ ಮಷೀನಿನಾಗ, ಒಂದು ಪೆನ್ ಡ್ರೈವಿನಾಗ. ವರ್ಷನ್ ಒಂದೇ ಮೆಟ್ಲು ಏರಿಸಿದೆ, ಹಾರಿಸಲಿಲ್ಲ. ಒಂಬತ್ತೂ ಇಪ್ಪತ್ತಕ್ಕ ಆ ಮಷೀನಿನ ಮ್ಯಾಲಿನ ಕೆಲಸ ಇಳಿಸಿ, ಇಲ್ಲಿ ಹೊಸಾ ಕೆಲಸ ಹೊರಿಸಬ್ಯಾಡ್ರಿ ಅಂತ ಗುರುತು ಹಾಕಿದೆ. ಉಳಿದಿದ್ದು ಹೊಸದು ಮಾಡಿ, ಒಂಬತ್ತೂ ಐವತ್ತಕ್ಕ ಗುರುತು ತೆಗದೆ. ಎಲ್ಲಾ ಸರಿ ಇತ್ತಕ್ಕಾ."

"ಕೆಂಪು ಬೋರ್ಡು," ಎಂದಳು ನಾಗಕ್ಕ. "ಲೈನ್ ಕ್ಲಿಯರ್ ತಗೊಂಡು, ಕರೆಂಟ್ ಬಂದ್ ಮಾಡ್ಸಿ ಕಂಬ ಹತ್ತೋವಾಗ ನಾವು ಸ್ವಿಚ್ಚಿಗೆ ನೇತುಹಾಕ್ತಿದ್ವಲ್ಲ, ಅದೇ. ಅಲ್ಲೇನೋ ಪಾಲಯ್ಯ?"

"ಹೌದ್ರಿ," ಎಂದ ಪಾಲಯ್ಯ. ‘ನಾವು’ ಎಂಬ ಮಾತು ಅವನಿಗೆ ಹಿತವಾಯಿತು.

ಒಂದು ಗಂಟೆಗೆ ಕಂಟ್ರೋಲ್ ಪ್ಲೇನಿನ ಡೇಟಾಬೇಸು ಯಾರೋ ಬಳಿದಂತೆ ಬರಿದಾಗಿತ್ತು. ಆ ಮಷೀನಿನಲ್ಲಿದ್ದ ಬ್ಯಾಕಪ್ ಇರಲಿಲ್ಲ, ಮೇಜಿನ ಡ್ರಾದಲ್ಲಿದ್ದ ಪೆನ್ ಡ್ರೈವೂ ಇರಲಿಲ್ಲ. ಮೂರು ಮಷೀನು ತಮ್ಮಷ್ಟಕ್ಕೆ ಓಡುತ್ತಿದ್ದವು, ಆದರೆ ಬಿದ್ದದ್ದನ್ನು ಎತ್ತುವವರಿರಲಿಲ್ಲ. ರೇಣುಕಾ ಬ್ಯಾಕಪ್ಪೇ ತೆಗೆದಿಲ್ಲ ಎಂಬುದು ಮಾಲೀಕನ ತೀರ್ಮಾನ. ರೇಣುಕಾ, ಕ್ರಾಂತಿಕುಮಾರ್, ಶಿವಲೀಲಾ, ಮೂವರು ಎಂಜಿನಿಯರರಿಗೂ ಒಂದೇ ಪಾಸ್‌ವರ್ಡು, ಮನೆಯಿಂದಲೂ ಅದೇ. ಹೀಗಾಗಿ ಅಳಿಸಿದವರ ಹೆಸರು ಮಷೀನಿಗೂ ಗೊತ್ತಿರಲಿಲ್ಲ.

ಪಾಲಯ್ಯ ಪುಸ್ತಕ ತೆರೆದು ಓದಿದ. "ಏಳೂಮುಕ್ಕಾಲಕ್ಕ ರೇಣುಕಾ. ಎಂಟೂವರಿಗೆ ಕ್ರಾಂತಿಕುಮಾರ್, ಸಹಾಯಕ್ಕ ಅಂತ. ಹನ್ನೊಂದಕ್ಕ ಮನಿಗೆ ಹೋಗ್ಯಾನ. ಶಿವಲೀಲಾ ಬಂದಿದ್ದು ಹನ್ನೆರಡಕ್ಕ." ಆಮೇಲೆ ದನಿ ತಗ್ಗಿಸಿದ. "ಶಿವಲೀಲಾನೇ ಇರಬೇಕ್ರಿ. ನಿನ್ನೆಮೊನ್ನೆ ಬಂದಾಕಿ ನನ್ನ ತಲಿ ಮ್ಯಾಲೆ ಕುಂದ್ರತಾಳ ಅಂತ ಶುಕ್ರವಾರ ಮೆಟ್ಲ ಮ್ಯಾಲೆ ಅಂದಿದ್ಲು."

ನಿಜ ಹೇಳಬೇಕೆಂದರೆ, ತಪ್ಪು ರೇಣುಕಾಳದೇ ಎಂದಾದರೂ ಅವನಿಗೆ ನಿದ್ದೆ ಕೆಡುತ್ತಿರಲಿಲ್ಲ. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಿಯೇ ಅವನು ಅವಸರದಲ್ಲಿ ಶಿವಲೀಲಾಳನ್ನು ಹಿಡಿದುಕೊಂಡಿದ್ದು.

ಅವರು ಮಹಡಿ ಹತ್ತುವಾಗಲೇ ಕ್ರಾಂತಿಕುಮಾರ್ ಏದುಸಿರು ಬಿಡುತ್ತ ಬಂದ. ಕೈಯಲ್ಲೊಂದು ಪೆನ್ ಡ್ರೈವ್.

"ಸರ್, ಹೆದರಬ್ಯಾಡ್ರಿ. ಶನಿವಾರ ಸಂಜಿ ಮನಿಗೆ ಹೋಗೋ ಮುಂಚೆ ನಾನೊಂದು ಬ್ಯಾಕಪ್ ತಗೊಂಡಿದ್ದೆ. ಹೊಸಬರ ಕೈಗೆ ಕೊಡ್ತೀವಿ, ಇರ್ಲಿ ಅಂತ."

ಆಫೀಸಿನಲ್ಲಿ ಕಾಯುತ್ತಿದ್ದ ಮಾಲೀಕ ಗುರುಬಸವರಾಜ ಅವನ ಎರಡೂ ಕೈ ಹಿಡಿದುಕೊಂಡ. ರೇಣುಕಾಳ ಕಡೆ ನೋಡಲೇ ಇಲ್ಲ.

ಮುಕ್ಕಾಲು ತಾಸಿನಲ್ಲಿ ಪರದೆಯ ಮೇಲೆ ನಾಲ್ಕು ಸರ್ವರುಗಳ ನಾಲ್ಕು ಸಾಲು ಮೂಡಿದವು. ಮೊದಲಿಗಿದ್ದ ಕಂಟ್ರೋಲ್ ಪ್ಲೇನಿನ ಸಾಲು ಉಳಿದವಕ್ಕಿಂತ ಉದ್ದವಿತ್ತು. ಕ್ರಾಂತಿಕುಮಾರನ ಬೆರಳು ಟಪಟಪನೆ ಆಡಿದವು, ಸಾಲು ಮೊಟಕಾಯಿತು.

"ಅದೇನು ತೆಗದಿ ತಮ್ಮಾ?" ಅವನ ಬೆನ್ನಿಗೇ ನಿಂತಿದ್ದ ನಾಗಕ್ಕ ಕನ್ನಡಕ ಸರಿಮಾಡಿಕೊಂಡಳು.

"ಏನಿಲ್ರಿ, ಹೊಸಾ ಕೆಲಸ ಬ್ಯಾಡ ಅನ್ನೋ ಗುರುತು. ಒಮ್ಮೊಮ್ಮೆ ಹಂಗೇ ಬರ್ತೈತಿ."

"ಹೌದಾ. ಶನಿವಾರ ಸಂಜಿ ಎಲ್ಲಾ ಸರಿ ಇತ್ತಾ?"

"ನಾಲ್ಕೂ ಸರಿ ಅದಾವ ಅಂತ ನೋಡೇ ಬ್ಯಾಕಪ್ ತಗೊಂಡಿದ್ದು. ಈ ಆಫೀಸಿಗೆ ಆ ನಿಯಮ ಬರೆದಾವ ನಾನ್ರಿ."

ನಾಗಕ್ಕ ಕಿಟಕಿಯ ಬಳಿ ಮುಖ ಊದಿಸಿಕೊಂಡು ಕೂತಿದ್ದ ಶಿವಲೀಲಾಳತ್ತ ತಿರುಗಿದಳು. "ನೀನು ಹನ್ನೆರಡಕ್ಕ ಬಂದು ಏನು ನೋಡಿದಿ?"

"ಎಲ್ಲೆರ ಆಕಿ ತಪ್ಪು ಸಿಗ್ತೈತೇನೋ ಅಂತ ನೋಡಿದೆ," ಎಂದಳು ಶಿವಲೀಲಾ, ಮುಚ್ಚುಮರೆಯಿಲ್ಲದೆ. "ನಾಲ್ಕೂ ಸಾಲು ಚೊಕ್ಕ. ಒಂದು ಗುರುತಿಲ್ಲ, ಒಂದು ಕೊರತಿ ಇಲ್ಲ. ಹೊಟ್ಟಿ ಉರಿದುಹೋತು ನೋಡ್ರಿ."

ಮೂರೂವರೆಗೆ ನಾಗಕ್ಕ ಎಲ್ಲರನ್ನೂ ಕುರ್ಚಿ ಎಳೆದುಕೊಂಡು ಕೂರಲು ಹೇಳಿದಳು. ಇಂಥ ಹೊತ್ತಿನಲ್ಲಿ ಪಾಲಯ್ಯನ ಜಾಗ ಬಾಗಿಲು. ಅಲ್ಲಿ ನಿಂತ.

"ನನಗ ಕಂಪ್ಯೂಟರ್ ಬರಂಗಿಲ್ಲ. ಫೋಟೋ ಅಂದ್ರೇನು ಅಂತ ಗೊತ್ತೈತಿ," ಎಂದಳು ನಾಗಕ್ಕ. "ಬ್ಯಾಕಪ್ ಅಂದ್ರ ಫೋಟೋ. ತೆಗೆದ ಗಳಿಗ್ಯಾಗ ಏನಿತ್ತೋ ಅಷ್ಟೇ ಅದರಾಗ ಬೀಳ್ತೈತಿ. ಶನಿವಾರ ಸಂಜಿ ಬೋರ್ಡಿರಲಿಲ್ಲ, ಕ್ರಾಂತಿಕುಮಾರನೇ ಹೇಳ್ಯಾನ. ಭಾನುವಾರ ಒಂಬತ್ತೂ ಇಪ್ಪತ್ತಕ್ಕ ರೇಣುಕಾ ನೇತುಹಾಕಿದ ಬೋರ್ಡು ಶನಿವಾರದ ಫೋಟೋದಾಗ ಹೆಂಗ ಬಿತ್ತು?"

ಕ್ರಾಂತಿಕುಮಾರ್ ಕುರ್ಚಿ ಹಿಂದಕ್ಕೆ ಸರಿಸಿದ.

"ಅದು... ರೇಣುಕಾ ತೆಗೆಯೋದು ಮರೆತು..."

"ಮರೆತಿಲ್ಲ. ಹನ್ನೆರಡಕ್ಕ ಬೋರ್ಡು ಇರಲಿಲ್ಲ ಅಂತ ಶಿವಲೀಲಾ ಸಾಕ್ಷಿ. ಹೊಟ್ಟಿ ಉರ್ಕೊಂಡು ಹುಡುಕಿದಾಕಿ ಕಣ್ಣಿಗೆ ತಪ್ಪು ತಪ್ಪಂಗಿಲ್ಲ. ಅಂದ್ರ ಬೋರ್ಡು ಇದ್ದದ್ದು ಅರ್ಧ ತಾಸು, ಫೋಟೋ ಬಿದ್ದಿದ್ದೂ ಆಗಲೇ. ಆವಾಗ ಈ ಖೋಲ್ಯಾಗ ಇಬ್ಬರೇ, ಪಾಲಯ್ಯನ ಪುಸ್ತಕ ಹೇಳ್ತೈತಿ. ರೇಣುಕಾನ ಹತ್ರ ಇದ್ದಿದ್ರ ಒಂದು ಗಂಟಿಗೇ ತೋರ್ಸಿ ಕೆಲಸ ಉಳಿಸಿಕೊಳ್ತಿದ್ಲು. ಇನ್ನೊಬ್ಬಾವ ಅದನ್ನ ಮನಿಯಿಂದ ತಂದು ಶನಿವಾರದ್ದು ಅಂದ. ತೆಗೆದ ದಿನದ ಬಗ್ಗೆ ಸುಳ್ಳು ಹೇಳೋ ಗರಜು ಅಳಿಸಿದಾವಗ ಬಿಟ್ರ ಯಾರಿಗೈತಿ?"

"ಅಳಿಸೋನು ಬ್ಯಾಕಪ್ ಯಾಕ ತಗೊಂತಾನ್ರಿ?" ಎಂದ ಗುರುಬಸವರಾಜ.

"ಸಿಟ್ಟಿನಾವ ಸುಟ್ಟು ಹೋಗ್ತಾನ. ಹೊಟ್ಟೆಕಿಚ್ಚಿನಾವ ಹಂಗಲ್ಲ. ತಾನು ಕಟ್ಟಿದ ಮನಿಗೆ ಬೆಂಕಿ ಇಡೋ ಮುಂಚೆ ತೊಲಿ, ಬಾಗಿಲು ಬಿಚ್ಚಿ ಇಟ್ಕೊಂತಾನ. ಆಮ್ಯಾಲೆ ತಾನೇ ಬಂದು ಕಟ್ಟಿಕೊಡ್ಬೇಕಲ್ಲ."

ಕ್ರಾಂತಿಕುಮಾರ್ ಜೇಬಿನಿಂದ ರೇಣುಕಾಳ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ಆಕಿ ಎಡವ್ತಾಳ, ನನ್ನ ಕರೀತಾಳ ಅಂತ ಪಕ್ಕದಾಗೇ ಕಾಯ್ತಾ ಕುಂತಿದ್ದೆ. ಒಂದು ಸಲಾನೂ ಕರೀಲಿಲ್ಲ. ನಾನು ಬರೆದ ಪಟ್ಟಿ ಹಿಡ್ಕೊಂಡು ನನಗಿಂತ ಚೊಲೋ ಮಾಡಾಕ ಹತ್ತಿದ್ಲು. ಒಂಬತ್ತೂವರಿ ಆಗಿತ್ತು. ತಡಕೊಳ್ಳಾಕ ಆಗ್ಲಿಲ್ಲ. ಆವಾಗಲೇ ಬ್ಯಾಕಪ್ ತಗೊಂಡೆ, ಹನ್ನೆರಡಾದ ಮ್ಯಾಲೆ ಮನಿಯಿಂದ ಅಳಿಸಿದೆ."

ಮಾಲೀಕ ಬಾಗಿಲ ಕಡೆ ಕೈ ತೋರಿಸಿದ. ಪಾಲಯ್ಯ ದಾರಿ ಬಿಟ್ಟ. ಕ್ರಾಂತಿಕುಮಾರ್ ಹೊಸ್ತಿಲಲ್ಲಿದ್ದಾಗ ಗುರುಬಸವರಾಜ ಹಣೆ ಒರೆಸಿಕೊಂಡು, "ಇನ್ನೂ ಮೂರು ಮಷೀನು ಬಾಕಿ ಅದಾವಲ್ಲವ್ವ. ಹೆಂಗ ಮಾಡ್ತಿ?" ಎಂದ.

"ಇವರ ಪಟ್ಟಿ ಐತಲ್ರಿ," ಎಂದಳು ರೇಣುಕಾ. "ಅದರಾಗ ಒಂದಕ್ಷರ ತಪ್ಪಿಲ್ಲ. ಹಂಗೇ ಮಾಡ್ತೀನಿ. ಪಾಸ್‌ವರ್ಡು ಮಾತ್ರ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಇರ್ಲಿ."

ಕೆಲಸ ಹೋದಾಗ ತಗ್ಗದ ಕ್ರಾಂತಿಕುಮಾರನ ತಲೆ ಆ ಮಾತಿಗೆ ತಗ್ಗಿತು.

ಮೆಟ್ಟಿಲು ಇಳಿಯುವಾಗ ಪಾಲಯ್ಯ ಕೇಳಿದ. "ಅಕ್ಕಾರ, ನಿಮಗ ಮೊದಲು ಸಂಶಯ ಬಂದಿದ್ದು ಯಾರ ಮ್ಯಾಲ್ರಿ?"

"ನಿನ್ನ ಮ್ಯಾಲೆ."

"ನನ್ನ ಮ್ಯಾಲಾ!"

"ಕೀಲಿ ನಿನ್ನ ಕಡಿಗೈತಿ. ಆಕಿ ಬಂದಾಗಿಂದ ನಿನ್ನ ಮಾರಿ ಹೆಂಗೈತಿ ಅಂತ ಎಂಟು ತಿಂಗಳಿಂದ ದಿನಾ ನೋಡಾಕ ಹತ್ತೀನಿ."

ಸಿಟ್ಟು ಬರಬೇಕಿತ್ತು. ಆದರೆ ದಿನಾ ನೋಡುತ್ತಿದ್ದಳು ಎಂಬ ಮಾತಿನ ಮುಂದೆ ಪಾಲಯ್ಯನಿಗೆ ಉಳಿದದ್ದೊಂದೂ ಕೇಳಿಸಲಿಲ್ಲ.