ಎಂಬತ್ತು ಪರ್ಸೆಂಟ್

ಪಕ್ಕದ ಸೀಟಿನವನು ಜಾಗ ಬದಲಿಸಿಕೊಡಿ ಅಂತ ಮೇಡಂ ಹತ್ತಿರ ಕೇಳಿಕೊಂಡಿದ್ದಾನೆ ಅನ್ನೋ ಸುದ್ದಿ ಅವಳ ಕಿವಿಗೆ ಬಿದ್ದದ್ದು ಕಾಫಿ ಮೆಷಿನ್ ಮುಂದೆ. ನಾಳೆಯಿಂದಲೇ ಕಿಟಕಿ ಪಕ್ಕಕ್ಕಂತೆ. ಹೇಳಿದವರು ಸ್ವತಃ ಮೇಡಂ.

"ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತೇನಮ್ಮಾ?"

"ಏನೂ ಇಲ್ಲ ಮೇಡಂ," ಅಂದಳು.

ಅವಳದೋ ವಿಪರೀತ ಕುತೂಹಲದ ಜೀವ. ಮನೆಯಲ್ಲಿ ಅಕ್ಕ ಕರೆಯೋದೇ ಪ್ರಶ್ನೆಪೆಟ್ಟಿಗೆ ಅಂತ. ಲಿಫ್ಟ್ ಮೂರನೇ ಮಹಡಿಯಲ್ಲೇ ಯಾಕೆ ನಡುಗುತ್ತೆ ಅಂತ ತಿಳಿಯುವವರೆಗೂ ಊಟ ಸೇರದವಳು. ಅಂಥವಳಿಗೆ ಈ ಸುದ್ದಿ ಕೊಟ್ಟು ಸುಮ್ಮನಿರು ಅಂದರೆ ಇರುತ್ತಾಳಾ?

ಅವರ ಆಫೀಸಿನಲ್ಲಿ ಎಲ್ಲರದೂ ಒಂದೇ ಕೆಲಸ. ಸಿನಿಮಾ, ಸೀರಿಯಲ್‌ಗಳ ಮಾತು ಕೇಳಿಸಿಕೊಂಡು, ಕಿವಿ ಕೇಳದವರಿಗಾಗಿ ಪರದೆಯ ಕೆಳಗೆ ಬರೋ ಸಾಲುಗಳನ್ನು ಟೈಪ್ ಮಾಡೋದು. ದಿನವಿಡೀ ಎಲ್ಲರ ತಲೆ ಮೇಲೂ ವೈರ್‌ಲೆಸ್ ಹೆಡ್‌ಫೋನ್. ಪಕ್ಕದಲ್ಲಿ ಆನೆ ಘೀಳಿಟ್ಟರೂ ಗೊತ್ತಾಗಲ್ಲ. ಆ ಧೈರ್ಯದ ಮೇಲೆ ತಾನೇ ಅವಳು ಮೊನ್ನೆ ಸೀಟಿನಲ್ಲೇ ಕೂತು ಅಕ್ಕನಿಗೆ ಫೋನ್ ಹಚ್ಚಿದ್ದು! ಮೊದಲು ಅವನ ಕಂಪ್ಯೂಟರಿನ ಮೂಲೆ ನೋಡಿಕೊಂಡಿದ್ದಳು. ಹೆಡ್‌ಫೋನ್ ಬ್ಯಾಟರಿ ಎಂಬತ್ತು ಪರ್ಸೆಂಟ್. ಸಿನಿಮಾ ಓಡುತ್ತಿತ್ತು. ಸರಿ, ಇವನಿಗೇನೂ ಕೇಳಿಸಲ್ಲ ಅಂತ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಕ್ಕಿದ್ದಳು. ಇವನು ಅಂದರೆ ತನಗೆ ಪ್ರಾಣ ಅನ್ನೋದನ್ನೂ.

ಈಗ ಸೀಟಿಗೆ ಬಂದರೆ ಅವನು ಹೆಡ್‌ಫೋನನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಅವಳನ್ನು ಕಂಡು ಕಣ್ಣು ತಗ್ಗಿಸಿದ. ಬೇರೆ ದಿನವಾಗಿದ್ದರೆ ಆ ಉದ್ದ ರೆಪ್ಪೆಗಳನ್ನೇ ನೋಡುತ್ತ ಅವಳು ಅರ್ಧ ಸಾಲು ತಪ್ಪು ಟೈಪ್ ಮಾಡುತ್ತಿದ್ದಳು. ಇವತ್ತು ಸಿಟ್ಟೇ ಬಂತು.

"ಹೆಡ್‌ಫೋನಿಗೇನಾಯ್ತು?" ಅಂದಳು.

"ಇದು ಸತ್ತಿದೆ. ಕಂಪ್ಯೂಟರ್ ನೋಡಿದ್ರೆ ಎಂಬತ್ತು ಅಂತಿದೆ. ಜಾಗ ಬಿಡೋ ಮುಂಚೆ ಇದರ ಕಥೆ ಏನು ಅಂತ ನೋಡ್ತಿದ್ದೆ."

"ಸತ್ತಿರೋದು ಎಂಬತ್ತು ಹೇಗಾಗುತ್ತೆ? ಕೊಡಿ ಇಲ್ಲಿ."

ಸಿಟ್ಟು ಅರ್ಧಕ್ಕೇ ನಿಂತಿತು. ಅವಳ ಸ್ವಭಾವವೇ ಹಾಗೆ, ಏನು ಮಾಡೋದು! ಚಾರ್ಜರ್ ಚುಚ್ಚಿದಳು. ಸ್ವಲ್ಪ ಕಾದು ಆನ್ ಮಾಡಿದಳು. ಪರದೆಯ ಮೇಲಿನ ಎಂಬತ್ತು ಒಮ್ಮೆಲೇ ಹತ್ತಾಯಿತು. ಆಫ್ ಮಾಡಿದಳು. ಹತ್ತು ಅಲ್ಲೇ ಕೂತಿತ್ತು.

"ನೋಡಿದ್ರಾ! ಕನೆಕ್ಟ್ ಆಗುವಾಗ ಒಂದು ಸಲ ಇದು ಹೇಳುತ್ತೆ. ಆಮೇಲೆ ಇದೆಯಾ ಸತ್ತಿದೆಯಾ ಅಂತ ಕಂಪ್ಯೂಟರ್ ವಿಚಾರಿಸೋದೇ ಇಲ್ಲ!" ಖುಷಿಯಿಂದ ತಿರುಗಿದವಳ ಮುಖ ಹಾಗೇ ಬಿಳಿಚಿಕೊಂಡಿತು. "ಯಾವಾಗಿಂದ ಹೀಗೆ?"

"ಬಹಳ ದಿನದಿಂದ."

"ಮೊನ್ನೆ? ನಾನು ಫೋನಿನಲ್ಲಿದ್ದಾಗ?"

ಅವನು ಹೌದು ಅಂತ ತಲೆಯಾಡಿಸಿದ.

ಅಲ್ಲಿಗೆ ಮುಗಿಯಿತು. ಎಲ್ಲ ಕೇಳಿಸಿಕೊಂಡಿದ್ದಾನೆ, ಕೇಳಿಸಿಕೊಂಡು ಕಿಟಕಿ ಪಕ್ಕಕ್ಕೆ ಓಡಿದ್ದಾನೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

"ಅದಕ್ಕೇ ಸೀಟು ಬದಲಾ?"

"ಮತ್ತೇನು? ಈ ಮನುಷ್ಯನ ಪಕ್ಕ ಕೂತು ಕೆಲಸವೇ ಆಗ್ತಿಲ್ಲ, ಬೇರೆ ಸೀಟು ಕೇಳ್ತೀನಿ ಅಂತ ನೀವೇ ಫೋನಿನಲ್ಲಿ ಅಂದ್ರಲ್ಲ. ನೀವ್ಯಾಕೆ ಏಳಬೇಕು, ನಾನೇ ಹೋಗ್ತೀನಿ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ಏನು?"

"ಆಮೇಲೆ ನಾನು ಹೇಳಿದ್ದು!"

"ಅದು ಕೇಳಲಿಲ್ಲ. ಎದ್ದು ಹೊರಗೆ ಹೋದೆ. ಇನ್ನೊಬ್ಬರ ಫೋನ್ ಮಾತಿಗೆ ಕಿವಿ ಕೊಟ್ಟು ಕೂರೋದಾ?"

ಹೌದಲ್ಲ, ಅವತ್ತು ಮಾತು ಮುಗಿಸಿ ತಿರುಗಿದಾಗ ಕುರ್ಚಿ ಖಾಲಿಯಿತ್ತು! ನೀರು ಕುಡಿಯೋಕೆ ಹೋಗಿರಬೇಕು ಅಂದುಕೊಂಡಿದ್ದಳು.

"ಅಯ್ಯೋ ಮಹಾರಾಯ!" ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಈಗ ಸುಮ್ಮನಿದ್ದರೆ ಮಾನ ಉಳಿಯುತ್ತೆ. ಆದರೆ ನಾಳೆ ಪಕ್ಕದಲ್ಲಿ ಇವನಿರಲ್ಲ. ಮಾನ ಹಾಳಾಗಲಿ ಅಂದುಕೊಂಡಳು.

"ಆಮೇಲೆ ಅಕ್ಕ ಯಾಕೆ ಅಂತ ಕೇಳಿದಳು. ಅವನು ಪಕ್ಕದಲ್ಲಿದ್ರೆ ನನ್ನ ಕಣ್ಣು ಪರದೆ ಮೇಲೆ ನಿಲ್ಲಲ್ಲ ಅಂದೆ. ಅವನು ರಜೆ ಹಾಕಿದ ದಿನ ಕೆಲಸವೆಲ್ಲ ಬೇಗ ಮುಗಿಯುತ್ತೆ, ಆದ್ರೆ ದಿನ ಮಾತ್ರ ಮುಗಿಯೋದೇ ಇಲ್ಲ ಅಂದೆ. ನನಗೆ ಅವನು ಬೇಕು ಅಕ್ಕಾ ಅಂದೆ. ಈಗ ಕೇಳಿಸ್ತಾ?"

ಅವನ ಕಿವಿಗಳು ಕೆಂಪಾದವು. ಅವಳು ಅಷ್ಟಕ್ಕೇ ಬಿಡಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿದಳು. "ಅದಿರಲಿ, ಸತ್ತಿದೆ ಅಂತ ಗೊತ್ತಿದ್ದೂ ಅದನ್ನ ಇಷ್ಟು ದಿನ ತಲೆ ಮೇಲೆ ಹೊತ್ಕೊಂಡು ಯಾಕೆ ಕೂತಿದ್ರಿ? ಚಾರ್ಜ್ ಮಾಡಬಾರದಿತ್ತಾ?"

"ಟೈಪ್ ಮಾಡುವಾಗ ನೀವು ಪ್ರತಿ ಸಾಲನ್ನೂ ಮೆಲ್ಲಗೆ ಹೇಳ್ಕೋತೀರಿ. ಮಗುವಿನ ಸಾಲಾದ್ರೆ ಮಗು ಥರ, ಮುದುಕಿ ಸಾಲಾದ್ರೆ ಮುದುಕಿ ಥರ. ಒಂದ್ಸಲ ಬ್ಯಾಟರಿ ಸತ್ತಾಗ ಕೇಳಿಸ್ತು. ಹೆಡ್‌ಫೋನ್ ತೆಗೆದೆ. ನೀವು ನಾಚಿಕೊಂಡು ಸುಮ್ಮನಾಗಿಬಿಟ್ರಿ." ಅವನು ಮೊದಲ ಸಲ ನೇರ ನೋಡಿದ. "ಆಮೇಲೆ ನಾನು ತೆಗೆಯಲಿಲ್ಲ."

"ಮತ್ತೆ ನಿಮ್ಮ ಕೆಲಸ?"

"ಸಂಜೆ ನೀವು ಹೋದ್ಮೇಲೆ ಚಾರ್ಜ್ ಹಾಕಿ, ಅದು ಮತ್ತೆ ಸಾಯೋವರೆಗೂ ಕೂತು ಮುಗಿಸ್ತಿದ್ದೆ."

ಅವನು ಎದ್ದು ನಿಂತ.

"ಎಲ್ಲಿಗೆ?"

"ಮೇಡಂ ಹತ್ತಿರ. ಕಿಟಕಿ ಬೇಡ ಅಂತ ಹೇಳೋಕೆ. ನೀವೂ ಬನ್ನಿ, ಒಬ್ಬನೇ ಹೋದ್ರೆ ಯಾಕೆ ಅಂತ ಕೇಳ್ತಾರೆ."

ಮೇಡಂ ರೂಮಿನ ಬಾಗಿಲನ್ನು ಅವನು ಎಡಗೈಯಲ್ಲಿ ತಟ್ಟಿದ. ಬಲಗೈಯನ್ನು ಅವಳು ಬಿಟ್ಟಿರಲಿಲ್ಲ.