ಮೂವತ್ತೊಂದು ಬಕೆಟ್ ನೀರು

“ಬಾಯಿಗೆ ಹಾಕೋ ಮುಂಚೆ ಕಡಿವಾಣ ಬೆಚ್ಚಗೆ ಮಾಡ್ಬೇಕು ಮಾಮ. ಇಲ್ಲಾಂದ್ರೆ ಕುದುರೆ ನಾಲಿಗೆ ಕಬ್ಬಿಣಕ್ಕೆ ಅಂಟ್ಕೊಳ್ಳತ್ತೆ.”

“ಹೌದಾ? ಯಾರು ಹೇಳಿದ್ರು ನಿಂಗೆ?” ಎಂದ ಜೋಲ್ದೋಶ್ ಮಾಮ.

“ನಂಗೆ ಅದೆಲ್ಲ ಮೊದಲಿಂದಾನೂ ಗೊತ್ತು.”

ಹೇಳಿಕೊಟ್ಟವನು ಜೋಲ್ದೋಶ್ ಮಾಮನೇ. ಆದರೆ ಸಿರ್ಗಾಗೆ ಅದು ಇನ್ನೂ ಚೆನ್ನಾಗಿ ಗೊತ್ತಾಗಿದ್ದು ಒಂದನೇ ಕ್ಲಾಸಿನಲ್ಲಿದ್ದಾಗ. ಕಬ್ಬಿಣದ ಗೇಟಿನ ಚಿಲಕ ಎಷ್ಟು ತಣ್ಣಗಿದೆ ನೋಡೋಣ ಎಂದು ನೆಕ್ಕಿದ್ದಳು. ನಾಲಿಗೆ ಅಂಟಿಕೊಂಡಿತ್ತು. ಅಜ್ಜಿ ಉಗುರುಬೆಚ್ಚಗಿನ ಟೀ ಸುರಿದು ಬಿಡಿಸುವ ಹೊತ್ತಿಗೆ ಅರ್ಧ ಬೀದಿ ಅಲ್ಲಿ ಸೇರಿತ್ತು. ಆ ಭಾಗವನ್ನು ಅವಳು ಯಾರಿಗೂ ಹೇಳುವುದಿಲ್ಲ.

ಈಗ ಅವಳು ಐದನೇ ಕ್ಲಾಸು. ಕಡಿವಾಣವನ್ನು ಕೋಟಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಕಂಕುಳು ಮರಗಟ್ಟಿ ಹೋಗಿತ್ತು. ಆದರೂ ನಗುನಗುತ್ತಲೇ ಇದ್ದಳು, ಏಕೆಂದರೆ ಇವತ್ತು ಅವಳ ದಿನ.

ಆಗಿದ್ದಿಷ್ಟು. ಬೆಳಿಗ್ಗೆ ಎರಡನೇ ಪೀರಿಯಡ್‌ನಲ್ಲಿ ಶಾಲೆಯ ಒಲೆಗಳಿಗೆ ಹಾಕುವ ಕಲ್ಲಿದ್ದಲು ಮುಗಿದುಹೋಯಿತು. ಶನಿವಾರ ಬರಬೇಕಿದ್ದ ಲಾರಿ ಘಾಟಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತ್ತು. ಟೀಚರ್ ಸಿರ್ಗಾಳನ್ನು ಕರೆದು, “ಓಡಿ ಹೋಗಿ ನಿಮ್ಮ ಮಾಮಂಗೆ ಹೇಳು. ಮೇಲ್ಗಡೆ ಗೋದಾಮಿಂದ ಆರು ಮೂಟೆ ತಂದುಕೊಡ್ಲಿ,” ಎಂದರು. ಸಿರ್ಗಾ ಬಾಗಿಲ ತನಕ ಹೋಗಿ ಕ್ಲಾಸಿನ ಕಡೆಗೆ ತಿರುಗಿ, “ಬಂಡಿ ನಾನೇ ಹೊಡ್ಕೊಂಡು ಬರ್ತೀನಿ. ಕಿಟಕಿ ಹತ್ರ ನಿಂತು ನೋಡಿ,” ಎಂದು ಹೇಳಿಯೇ ಹೋದಳು.

ನಮ್ಮೂರಲ್ಲಿ ಬಡಾಯಿ ಕೊಚ್ಚದವರು ಇಬ್ಬರೇ. ಒಬ್ಬರು ಇನ್ನೂ ಮಾತು ಬಾರದ ಕೂಸು, ಇನ್ನೊಬ್ಬರು ಶೀತದಿಂದ ಗಂಟಲು ಕಟ್ಟಿದವರು. ಇದನ್ನು ಬರೆಯುತ್ತಿರುವ ನನಗೆ ಸದ್ಯ ಗಂಟಲು ಚೆನ್ನಾಗಿಯೇ ಇದೆ.

ಜೀರ್ದೆ ತಲೆ ಬಗ್ಗಿಸಿ ಕಡಿವಾಣಕ್ಕೆ ಬಾಯಿ ಕೊಟ್ಟಿತು. ಕೆಂಪು ಮೈಯ, ಶಾಂತ ಸ್ವಭಾವದ ಹೆಣ್ಣುಕುದುರೆ ಅದು. ಈಗ ಗಬ್ಬವಾಗಿತ್ತು. ಹುಲ್ಲು ಚಿಗುರುವ ಹೊತ್ತಿಗೆ ಮರಿ ಹಾಕುತ್ತದೆ. ಹೋದ ವರ್ಷ ಜಾರಿ ಬಿದ್ದು ಮರಿ ಹೊಟ್ಟೆಯಲ್ಲೇ ಸತ್ತಿತ್ತು. ಆ ಬೇಸಿಗೆ ಮನೆಯಲ್ಲಿ ಕುದುರೆ ಹಾಲಿಲ್ಲ, ಅದನ್ನು ಚರ್ಮದ ಚೀಲದಲ್ಲಿ ಹುಳಿಸಿ ಮಾಡುವ ಕುಮಿಸ್ ಇಲ್ಲ. ಅಜ್ಜಿ ಖಾಲಿ ಚರ್ಮದ ಚೀಲವನ್ನು ಗೋಡೆಗೆ ತೂಗುಹಾಕಿ ಅದರ ಕಡೆ ನೋಡುವುದನ್ನೇ ಬಿಟ್ಟಿದ್ದಳು.

“ನಿಧಾನ,” ಎಂದ ಮಾಮ. ಜೀರ್ದೆಯ ಗೊರಸುಗಳ ಒಳಗೆ ಹಿಮ ಉಂಡೆ ಕಟ್ಟದಂತೆ ಕುರಿಯ ಬಾಲದ ಕೊಬ್ಬು ಸವರಿದ. “ಹಿಂಗಾಲಿನ ಲಾಳದಲ್ಲಿ ಜಾರದ ಹಾಗೆ ಹಾಕಿರೋ ಮುಳ್ಳು ಸವೆದಿದೆ. ಲಾಳ ಕಟ್ಟೋನು ಶುಕ್ರವಾರ ಬರ್ತಾನೆ. ಇವತ್ತು ಹುಷಾರಾಗಿ ಹೋಗೋಣ.”

“ನಂಗೆ ಲಗಾಮಿನ ಹಗ್ಗ ಕೊಡ್ತೀಯ ತಾನೇ?”

“ಶಾಲೆ ಹತ್ರದ ಇಳಿಜಾರಲ್ಲಿ ಕೊಡ್ತೀನಿ. ನಾನು ಪಕ್ಕದಲ್ಲೇ ಇರ್ತೀನಿ.”

ಗೋದಾಮಿನಲ್ಲಿ ಆರು ಮೂಟೆ ಹೇರಿಕೊಂಡು ಹೊರಟರು. ರಾತ್ರಿ ನಾಲ್ಕು ಬೆರಳಿನಷ್ಟು ಹೊಸ ಹಿಮ ಬಿದ್ದಿತ್ತು. ಚಕ್ರವಿಲ್ಲದ ಹಿಮಬಂಡಿ ಸದ್ದಿಲ್ಲದೆ ಜಾರುತ್ತಾ ಸಾಗುತ್ತಿತ್ತು. ಸಿರ್ಗಾ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಇಳಿಜಾರಿನಲ್ಲಿ ಬಂಡಿಯ ಅಡಿಗೆ ಸರಪಳಿ ಕಟ್ಟಬೇಕು, ಆಗ ಅದು ಹಿಮಕ್ಕೆ ಕಚ್ಚಿಕೊಂಡು ವೇಗ ತಗ್ಗಿಸುತ್ತದೆ. ಬೆವರಿದ ಕುದುರೆಯನ್ನು ಕಂಬಳಿ ಹೊದಿಸದೆ ನಿಲ್ಲಿಸಬಾರದು. ಮಾಮ ಹೂಂಗುಟ್ಟುತ್ತಿದ್ದ.

ಇಳಿಜಾರಿನ ತುದಿಗೆ ಬಂದಾಗ ಮಾಮ ಇಳಿದು ಸರಪಳಿ ಕಟ್ಟಿದ. ಮತ್ತೆ ಹತ್ತಿ ಕೂತು ಹಗ್ಗವನ್ನು ಸಿರ್ಗಾಳ ಕೈಗೆ ಕೊಟ್ಟ. ಕೆಳಗೆ ಶಾಲೆಯ ನೀಲಿ ಗೇಟು ಕಾಣುತ್ತಿತ್ತು. ಕಿಟಕಿಗಳಲ್ಲಿ ಸಾಲಾಗಿ ಮುಖಗಳು ಕಾಣುತ್ತಿದ್ದವು.

ಆಗ ಅವಳಿಗೆ ನೆನಪಾಯಿತು.

ನಿನ್ನೆ ಸಂಜೆ ಐದನೇ ಕ್ಲಾಸಿನ ಹನ್ನೊಂದು ಜನ ಸೇರಿ ಇದೇ ಇಳಿಜಾರಿಗೆ ನೀರು ಸುರಿದಿದ್ದರು. ಎರಡನೇ ದೀಪದ ಕಂಬದಿಂದ ಗೇಟಿನವರೆಗೆ. ರಾತ್ರಿಯ ಚಳಿಗೆ ಗಾಜಿನ ಹಾಗೆ ಗಟ್ಟಿಯಾದರೆ ಮಧ್ಯಾಹ್ನ ಬ್ಯಾಗಿನ ಮೇಲೆ ಕೂತು ಜಾರಬಹುದು. ಅವರಲ್ಲೊಬ್ಬನಾದ ಏರ್ಮೆಕ್ ಎಣಿಸಿದ್ದ, ಒಟ್ಟು ಮೂವತ್ತೊಂದು ಬಕೆಟ್. ಐಡಿಯಾ ಮಾತ್ರ ಸಿರ್ಗಾಳದ್ದು. ಅದನ್ನೂ ಅವಳು ನಿನ್ನೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಎಲ್ಲರಿಗೂ ಅಂದರೆ, ದೊಡ್ಡವರನ್ನು ಬಿಟ್ಟು.

ಈಗ ಮಂಜುಗಡ್ಡೆಯ ಮೇಲೆ ಹೊಸ ಹಿಮ ಮುಸುಕು ಹಾಕಿಕೊಂಡು ಮಲಗಿತ್ತು. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

“ಮಾಮ, ಗಿರಣಿ ದಾರೀಲಿ ಹೋಗೋಣ್ವಾ?”

“ಯಾಕೆ? ಅದು ಸುತ್ತು.”

“ನಂಗೆ ಕೈ ಕೊರೀತಿದೆ.”

“ಸುತ್ತು ಹಾಕಿದ್ರೆ ಇನ್ನೂ ಕೊರೆಯತ್ತೆ.”

“ಜೀರ್ದೆಗೆ ಸುಸ್ತಾಗಿದೆ ಅನ್ಸತ್ತೆ.”

“ಜೀರ್ದೆ ಏನೂ ಹೇಳ್ತಿಲ್ವಲ್ಲ.” ಮಾಮ ನಕ್ಕ. “ಏನು, ಹೆದರಿಕೇನಾ? ಇಷ್ಟು ಹೊತ್ತು ನಂಗೇ ಪಾಠ ಹೇಳ್ತಿದ್ದೆ.”

ಹೆದರಿಕೆ ಎನ್ನುವ ಮಾತು ಸಿರ್ಗಾಗೆ ಚುಚ್ಚಿತು. ನಿಜ ಹೇಳಿದರೆ ಊರ ದಾರಿ ಕೆಡಿಸಿದವಳು ಎಂಬ ಹೆಸರು ಬರುತ್ತದೆ. ಹೇಳದಿದ್ದರೆ ಜೀರ್ದೆ ಜಾರುತ್ತದೆ. ಯೋಚಿಸುವಷ್ಟರಲ್ಲಿ ಜೀರ್ದೆ ತಾನೇ ಹೆಜ್ಜೆ ಹಾಕಿತ್ತು. ಅದಕ್ಕೆ ದಾರಿ ಗೊತ್ತಲ್ಲ. ಮೊದಲ ಕಂಬ ಹಿಂದೆ ಹೋಯಿತು. ಸಿರ್ಗಾಗೆ ಅದರ ಉಬ್ಬಿದ ಹೊಟ್ಟೆ ಮಾತ್ರ ಕಾಣುತ್ತಿತ್ತು.

ಅವಳು ಎರಡೂ ಕೈಯಲ್ಲಿ ಹಗ್ಗ ಜಗ್ಗಿದಳು.

“ಕೆಳಗೆ ಮಂಜುಗಡ್ಡೆ ಇದೆ ಮಾಮ. ನಾವು ನೀರು ಹಾಕಿದೀವಿ. ನಾನೇ ಹಾಕ್ಸಿದ್ದು.”

ಜೀರ್ದೆ ನಿಂತಿತು. ಬಂಡಿ ನಿಲ್ಲಲಿಲ್ಲ. ಆರು ಮೂಟೆಯ ಭಾರ ಹಿಂದಿನಿಂದ ಕುದುರೆಯನ್ನು ತಳ್ಳಿತು. ಎರಡನೇ ಕಂಬದ ಹತ್ತಿರ ಅದರ ಹಿಂಗಾಲುಗಳು ಒಟ್ಟಿಗೆ ಜಾರಿ, ಅದು ನಾಯಿಯಂತೆ ಕುಕ್ಕರಿಸಿತು. ಅಷ್ಟರಲ್ಲಿ ಮಾಮ ಹಾರಿ ಇಳಿದಿದ್ದ. ಒಂದು ಮೂಟೆಯನ್ನು ಎಳೆದು ಬಂಡಿಯ ಮುಂದಕ್ಕೆ ಕೆಡವಿದ. ಬಂಡಿ ಅದನ್ನು ಗುದ್ದಿ, ಓರೆಯಾಗಿ ನಿಂತಿತು.

ಮಾಮ ಬಂಡಿಯಿಂದ ಜೀರ್ದೆಯನ್ನು ಬಿಚ್ಚಿದ. ಅದು ಎರಡು ಸಲ ಏಳಲು ನೋಡಿ, ಮೂರನೆಯ ಸಲ ಎದ್ದು ನಿಂತಿತು. ಕಾಲುಗಳು ನಡುಗುತ್ತಿದ್ದವು. ಮಾಮ ನಾಲ್ಕೂ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಬಂಡಿಯಲ್ಲಿದ್ದ ಕಂಬಳಿಯನ್ನು ಅದರ ಬೆನ್ನಿಗೆ ಹೊದಿಸಿದ. ಹೊಟ್ಟೆಯನ್ನು ಮುಟ್ಟಲಿಲ್ಲ. ಸಿರ್ಗಾ ಅದನ್ನು ಗಮನಿಸಿದಳು.

“ಎಷ್ಟು ಬಕೆಟ್ಟು?” ಎಂದು ಕೇಳಿದ.

“ಮೂವತ್ತೊಂದು.”

“ಮೂವತ್ತೊಂದಾ? ನಿಮ್ಮಜ್ಜಿ ಎರಡು ಬಕೆಟ್ ನೀರು ತಾ ಅಂದ್ರೆ ನಿಂಗೆ ಹೊಟ್ಟೆನೋವು ಬರತ್ತೆ.”

ಸಿರ್ಗಾಗೆ, ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನಿಸಿತು.

“ಮರಿಗೆ ಏನಾದ್ರೂ ಆಯ್ತಾ ಮಾಮ?”

“ಗೊತ್ತಿಲ್ಲ. ಈಗಲೇ ಹೇಳಕ್ಕಾಗಲ್ಲ.” ಅವನು ಕಡಿವಾಣದ ಹಗ್ಗ ಅವಳ ಕೈಗೆ ಕೊಟ್ಟ. “ಬೇಲಿ ಪಕ್ಕದ ಹಿಮದಲ್ಲಿ ನಡ್ಕೊಂಡು ಕೆಳಗೆ ಕರ್ಕೊಂಡು ಹೋಗು. ನೀನು ಮುಂದೆ ನಡಿ. ನಿನ್ನ ಕಾಲಿಗೆ ಗಟ್ಟಿ ಅನ್ಸಿದ್ ಮೇಲೇ ಅದು ಕಾಲಿಡ್ಲಿ.”

ನಮ್ಮಲ್ಲಿ ಕುದುರೆಯಿದ್ದೂ ನಡೆದುಹೋಗುವುದೆಂದರೆ ತಲೆ ತಗ್ಗಿಸುವ ವಿಷಯ. ಎಂಬತ್ತು ವರ್ಷದ ಮುದುಕರೂ ಎದುರು ಮನೆಗೆ ಹೋಗಲು ಕುದುರೆ ಹತ್ತುತ್ತಾರೆ, ಇಳಿಯಲು ನಾಲ್ಕು ಜನ ಬೇಕಾದರೂ ಸರಿ. ಸಿರ್ಗಾ ಮಂಡಿಯವರೆಗಿನ ಹಿಮದಲ್ಲಿ ಕಾಲು ಹೂತು, ಕಿತ್ತು, ಮತ್ತೆ ಹೂತು ನಡೆದಳು. ಒಂದು ಬೂಟು ಹಿಮದಲ್ಲೇ ಉಳಿಯಿತು. ಅದನ್ನು ಅಗೆದು ತೆಗೆದು ಹಾಕಿಕೊಂಡಳು. ಎಲ್ಲ ಕಿಟಕಿಗಳೂ ನೋಡುತ್ತಿದ್ದವು. ನೋಡಿ ಎಂದು ಹೇಳಿದವಳು ಅವಳೇ ಅಲ್ಲವೇ.

ಅಷ್ಟು ಹೊತ್ತಿಗೆ ಐದನೇ ಕ್ಲಾಸು ಹೊರಗೆ ಬಂದಿತ್ತು. ಮಾಮ ಮೇಲಿನಿಂದ ಮೂಟೆಗಳನ್ನು ಒಂದೊಂದಾಗಿ ಇಳಿಜಾರಿಗೆ ಬಿಡುತ್ತಿದ್ದ. ಮೂವತ್ತೊಂದು ಬಕೆಟ್ ನೀರು ಕೆಲಸ ಚೆನ್ನಾಗಿಯೇ ಮಾಡಿತ್ತು. ಮೂಟೆಗಳು ಸೊಯ್ಯನೆ ಜಾರಿ ಬಂದು ಗೇಟಿಗೆ ಗುದ್ದುತ್ತಿದ್ದವು. ಹುಡುಗರು ಹಿಡಿದು ಒಳಗೆ ಎಳೆಯುತ್ತಿದ್ದರು.

“ಏನೇ ಡ್ರೈವರ್ ಮೇಡಂ,” ಎಂದ ಏರ್ಮೆಕ್, “ನಡ್ಕೊಂಡು ಬರ್ತಿದೀಯ. ಕುದುರೆ ಸತ್ತೋಯ್ತಾ?”

“ಇಲ್ಲ. ಡ್ರೈವರ್ ಸತ್ತೋದ್ಲು,” ಎಂದಳು ಸಿರ್ಗಾ.

ಎಲ್ಲರೂ ನಕ್ಕರು. ಅವಳಿಗೂ ಸ್ವಲ್ಪ ನಗು ಬಂತು. ಆದರೆ ಜೀರ್ದೆಯ ಕಡೆ ನೋಡಿದ ಕೂಡಲೇ ಮಾಯವಾಯಿತು.

ಶಾಲೆಯ ಹಿಂದೆ ಗಾಳಿ ತಾಕದ ಗೋಡೆಯ ಮಗ್ಗುಲಲ್ಲಿ ಜೀರ್ದೆಯನ್ನು ನಿಲ್ಲಿಸಿದರು. ಮಾಮ ಅಲ್ಲಿಗೆ ಬಂದು ಕಂಬಳಿ ಸರಿಮಾಡಿ, ಕಾದ. ಸಿರ್ಗಾಳೂ ಕಾದಳು. ತರಗತಿಯ ಹೊಗೆಕೊಳವೆಯಲ್ಲಿ ಹೊಗೆ ಬರಲು ಶುರುವಾಯಿತು. ಜೀರ್ದೆಯ ನಡುಕ ನಿಂತಿತು. ಅದು ಬೇಲಿಯಲ್ಲಿ ಸಿಕ್ಕಿದ್ದ ಒಂದು ಒಣಹುಲ್ಲಿನ ಎಳೆಯನ್ನು ಎಳೆದು ತಿಂದಿತು.

“ಗ್ಲೌಸ್ ತೆಗಿ,” ಎಂದ ಮಾಮ.

ಅವಳ ಅಂಗೈಯನ್ನು ಕಂಬಳಿಯ ಕೆಳಗೆ, ಹೊಟ್ಟೆಯ ಬದಿಗೆ ಒತ್ತಿ ಹಿಡಿದ. ಅಲ್ಲಿ ಕೂದಲು ದಪ್ಪವಾಗಿತ್ತು, ಬೆಚ್ಚಗಿತ್ತು. ಏನೂ ಆಗಲಿಲ್ಲ. ಸಿರ್ಗಾ ಉಸಿರು ಬಿಗಿಹಿಡಿದಳು. ತುಂಬಾ ಹೊತ್ತು ಏನೂ ಆಗಲಿಲ್ಲ. ಅವಳಿಗೆ ಅಳು ಬಂದುಬಿಟ್ಟಿತು.

ಆಗ ಒಳಗಿನಿಂದ ಯಾರೋ ಅವಳ ಅಂಗೈಗೆ ಒದ್ದರು. ಒಂದು ಸಲ. ಆಮೇಲೆ ಇನ್ನೊಂದು ಸಲ, ಇನ್ನೂ ಜೋರಾಗಿ.

ಅವಳು ಮಾಮನನ್ನು ನೋಡಿದಳು. ಮಾಮ ಟೋಪಿ ತೆಗೆದು, ಹಣೆ ಒರೆಸಿಕೊಂಡು, ಮತ್ತೆ ಹಾಕಿಕೊಂಡ. ಅಷ್ಟು ಚಳಿಯಲ್ಲೂ ಅವನು ಬೆವರಿದ್ದ.

“ಹೋಗು,” ಎಂದ. “ಒಲೆಗಳ ಬೂದಿ ತಂದು ಯಾರೂ ಜಾರದ ಹಾಗೆ ದಾರಿಗೆ ಹಾಕು. ಪೂರ್ತಿ ಹಾಕ್ಬೇಕು, ಗೇಟಿನ ತನಕ.”

ಅವಳು ಶಾಲೆಯ ಹಿಂಬಾಗಿಲಿಗೆ ಬಂದಾಗ ಏರ್ಮೆಕ್ ಮತ್ತು ಉಳಿದವರು ಅಲ್ಲೇ ನಿಂತಿದ್ದರು. ಅವಳ ಕಣ್ಣು ಕೆಂಪಾಗಿದ್ದನ್ನು ನೋಡಿ ಯಾರೂ ನಗಲಿಲ್ಲ.

“ಜೀರ್ದೆ ಹೆಂಗಿದೆಯೇ?” ಎಂದು ಏರ್ಮೆಕ್ ಮೆಲ್ಲಗೆ ಕೇಳಿದ.

ಸಿರ್ಗಾ ಬಾಯಿ ತೆರೆದಳು. ಇಷ್ಟು ದೊಡ್ಡ ಸುದ್ದಿ ಅವಳ ಬಳಿ ಯಾವತ್ತೂ ಇದ್ದಿರಲಿಲ್ಲ. ಇಡೀ ಕ್ಲಾಸು ಕೇಳಲು ನಿಂತಿತ್ತು. ಅಂಗೈ ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಜೇಬಿನೊಳಗೆ ಇಟ್ಟುಕೊಂಡಳು.

“ಚೆನ್ನಾಗಿದೆ,” ಎಂದಷ್ಟೇ ಹೇಳಿ, ಇನ್ನೊಂದು ಕೈಯಲ್ಲಿ ಬೂದಿಯ ಬಕೆಟ್ ಎತ್ತಿಕೊಂಡು ಇಳಿಜಾರಿನ ಕಡೆಗೆ ನಡೆದಳು.